ಸವೆಯಲೆಂದೇ ಹಾಕಿದ ಗಾರೆ

ಹಳೆಯ ಗೋಡೆಯ ಮುಂದೆ ನಿಂತವರು ಆಡುವ ಮಾತು ಒಂದೇ: ಆಗಿನವರ ಗಾರೆ ಎಷ್ಟು ಗಟ್ಟಿ ನೋಡಿ! ಗಾರೆಯ ಕಸುಬು ಬಲ್ಲವರು ಈ ಹೊಗಳಿಕೆಯನ್ನು ಅರ್ಧ ಮಾತ್ರ ಒಪ್ಪುತ್ತಾರೆ. ಸುಣ್ಣದ ಗಾರೆ ತಾನು ಹಿಡಿದಿರುವ ಇಟ್ಟಿಗೆಗಿಂತ ಸ್ವಲ್ಪ ಮೆದುವಾಗಿಯೇ ಇರಬೇಕು ಎಂಬುದು ಅವರ ಮೊದಲ ಪಾಠ. ಬಿಸಿಲಿಗೆ ಗೋಡೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ, ಬುಡದಿಂದ ತೇವ ಏರುತ್ತದೆ, ನೆಲ ಕೂದಲೆಳೆಯಷ್ಟು ಜರುಗುತ್ತದೆ. ಈ ಎಲ್ಲ ಪೆಟ್ಟನ್ನೂ ಗಾರೆ ತಿನ್ನಬೇಕು, ಇಟ್ಟಿಗೆ ಉಳಿಯಬೇಕು. ಸಂದಿನ ಗಾರೆ ಸವೆದರೆ ಕೆರೆದು ಹೊಸದನ್ನು ತುಂಬಬಹುದು. ಇಟ್ಟಿಗೆಯೇ ಸೀಳಿದರೆ ಗೋಡೆ ಹೋದಂತೆಯೇ. ಸವೆಯುವುದು ಗಾರೆಯ ದೋಷವಲ್ಲ, ಅದರ ಕೆಲಸ. ಇದನ್ನು ತಿಳಿಯದೆ ಹಳೆಯ ಸುಣ್ಣದ ಗೋಡೆಗೆ ಸಿಮೆಂಟು ಮೆತ್ತಿದ ಕಡೆಯಲ್ಲೆಲ್ಲ ಆದದ್ದು ಒಂದೇ: ಸಿಮೆಂಟು ಗಟ್ಟಿಯಾಗಿ ಕೂತಿತು, ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಇಟ್ಟಿಗೆ ಪುಡಿಯಾಗಿ ಉದುರಿತು.

ಈ ಕಸುಬಿನ ಬಗ್ಗೆ ಬರೆಯಲು ನಾನು ಆರಿಸಿಕೊಂಡಿರುವುದು ಹಾಸನ ಜಿಲ್ಲೆಯ ಒಂದು ದೇವಾಲಯವನ್ನು. ಜಿಲ್ಲೆಯ ಹೆಸರು ಹೇಳಿದ ಕೂಡಲೇ ನೆನಪಾಗುವ ಬೇಲೂರು ಹಳೇಬೀಡುಗಳದ್ದಲ್ಲ. ಹಾಸನದಿಂದ ಸುಮಾರು 20 ಕಿಲೋಮೀಟರು ದೂರದಲ್ಲಿ, ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ಕ್ರೈಸ್ತ ದೇವಾಲಯ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳ ಕಾಲದಲ್ಲಿ ಕಟ್ಟಿದ್ದು. ಮೊನಚು ಕಮಾನುಗಳ ಗಾಥಿಕ್ ರೀತಿಯ ಕಟ್ಟಡ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಮುಗಿದದ್ದು 1979ರಲ್ಲಿ. ಅಲ್ಲಿಂದ ಮಳೆಗಾಲದಲ್ಲಿ ಜಲಾಶಯ ತುಂಬಿದಾಗಲೆಲ್ಲ ನೀರು ದೇವಾಲಯದೊಳಕ್ಕೆ ಬಂದು ನಿಲ್ಲುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಚಾವಣಿ ಹೋಗಿದೆ, ಗಿಲಾವು ಉದುರಿದೆ, ಇತ್ತೀಚಿನ ವರ್ಷಗಳಲ್ಲಿ ಗೋಡೆಯ ಭಾಗಗಳೂ ಕುಸಿದಿವೆ. ಆದರೂ ಇಷ್ಟು ವರ್ಷ ನೆನೆದು ಒಣಗಿ, ಮತ್ತೆ ನೆನೆದು ಒಣಗಿ, ಕಮಾನುಗಳು ನಿಂತಿವೆ. ಬೇಲೂರಿನ ಪಕ್ಕದಲ್ಲಿ ಹರಿಯುವ ಯಗಚಿಯೂ ಗೊರೂರಿನ ಹತ್ತಿರವೇ ಹೇಮಾವತಿಯನ್ನು ಸೇರುತ್ತದೆ. ಹೊಯ್ಸಳರ ಗುಡಿಯ ಊರು ಮತ್ತು ಈ ದೇವಾಲಯ ಒಂದೇ ನೀರಿನ ನೆಂಟರು.

ಮೊದಲು ಸುಣ್ಣದಿಂದ ಶುರುಮಾಡೋಣ. ಸುಣ್ಣಕಲ್ಲನ್ನು ಗೂಡಿನಲ್ಲಿ ಸೌದೆ ಅಥವಾ ಇದ್ದಿಲಿನೊಂದಿಗೆ ಪದರ ಪದರವಾಗಿ ಜೋಡಿಸಿ ಸುಡುತ್ತಾರೆ. ಕಾವು ಸುಮಾರು 900 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು, ಮುಟ್ಟಿ ನಿಲ್ಲಬೇಕು. ಆಗ ಕಲ್ಲಿನೊಳಗಿನ ಇಂಗಾಲದ ಡೈಆಕ್ಸೈಡು ಬಿಟ್ಟುಹೋಗುತ್ತದೆ. ಶುದ್ಧವಾದ 100 ಕೆ.ಜಿ. ಸುಣ್ಣಕಲ್ಲಿನಿಂದ ಉಳಿಯುವುದು 56 ಕೆ.ಜಿ. ಹೆಚ್ಚುಕಡಿಮೆ ಅರ್ಧ ಭಾರ ಗಾಳಿಗೆ ಹೋಯಿತು. ಆದರೆ ಕಲ್ಲಿನ ಆಕಾರ ಹಾಗೇ ಇರುತ್ತದೆ. ಕೈಗೆ ತೆಗೆದುಕೊಂಡಾಗ ಮಾತ್ರ ಹಗುರ ಗೊತ್ತಾಗುತ್ತದೆ. ಕಾವು ಕಡಿಮೆಯಾದರೆ ಒಳಗೆ ಹಸಿ ಕಲ್ಲು ಉಳಿಯುತ್ತದೆ, ಹೆಚ್ಚಾದರೆ ಸುಣ್ಣ ಸತ್ತುಹೋಗಿ ನೀರಿಗೆ ಅರಳುವುದಿಲ್ಲ. ಗೂಡು ಸುಡುವವರು ಇದನ್ನು ಉಷ್ಣಮಾಪಕವಿಲ್ಲದೆ, ಬೆಂಕಿಯ ಬಣ್ಣ ನೋಡಿ, ಹೊಗೆ ನೋಡಿ ಅಂದಾಜು ಮಾಡುತ್ತಿದ್ದರು.

ಆಮೇಲೆ ಅರಳಿಸುವುದು. ಗುಂಡಿಯಲ್ಲಿ ನೀರು ತುಂಬಿ ಸುಟ್ಟ ಸುಣ್ಣವನ್ನು ಅದಕ್ಕೆ ಹಾಕಬೇಕು. ಕ್ಷಣದಲ್ಲಿ ನೀರು ಕುದಿಯತೊಡಗುತ್ತದೆ, ಕಲ್ಲು ಬಿರಿದು ಹಿಟ್ಟಾಗುತ್ತದೆ, ಹಬೆ ಏಳುತ್ತದೆ. ಹತ್ತಿರ ಬಗ್ಗಿದವರ ಕಣ್ಣು ಹೋಗುವಷ್ಟು ಉರಿ. ಈ ಆರ್ಭಟ ಮುಗಿದ ಮೇಲೆ ಸೋಸಿ, ಗಾಳಿ ತಾಗದಂತೆ ನೀರಿನಡಿ ಮುಚ್ಚಿ ಇಡುತ್ತಾರೆ. ವಾರಗಟ್ಟಲೆ, ತಿಂಗಳುಗಟ್ಟಲೆ. ಮೂರು ವರ್ಷಕ್ಕಿಂತ ಎಳೆಯ ಸುಣ್ಣವನ್ನು ಬಳಸಕೂಡದೆಂಬ ಹಳೆಯ ಕಟ್ಟಳೆ ರೋಮಿನಲ್ಲಿತ್ತೆಂದು ಅಲ್ಲಿಯ ಪ್ರಾಚೀನ ಲೇಖಕ ಪ್ಲಿನಿ ಬರೆದಿದ್ದಾನೆ. ಇಟ್ಟಷ್ಟೂ ಸುಣ್ಣದ ಕಣ ಸಣ್ಣದಾಗುತ್ತ ಹೋಗುತ್ತದೆ, ಬೆಣ್ಣೆಯ ಹದಕ್ಕೆ ಬರುತ್ತದೆ. ಕರಣೆಯ ತುದಿಯಲ್ಲಿ ತೆಗೆದರೆ ಜಾರದೆ ನಿಲ್ಲಬೇಕು, ಕರಣೆಗೆ ಅಂಟಿಯೂ ಇರಬಾರದು. ಅವಸರದಲ್ಲಿ ಎತ್ತಿದ ಸುಣ್ಣದಲ್ಲಿ ಅರಳದ ಹರಳು ಉಳಿದಿರುತ್ತದೆ. ಅದು ಗೋಡೆಗೆ ಹೋದ ಮೇಲೆ, ತಿಂಗಳುಗಳ ನಂತರ, ಅಲ್ಲೇ ಅರಳಿ ಗಿಲಾವಿನಲ್ಲಿ ಗುಳ್ಳೆ ಎಬ್ಬಿಸುತ್ತದೆ.

ಇಷ್ಟು ಕಾಲ ಕಾದು ಮಾಡಿದ ಸುಣ್ಣ ಮಾಡುವವನ ಪಾಲಿಗೆ ಬರುವುದೇ ಕಡಿಮೆ. ಗೂಡು ಸುಟ್ಟವನು ಬೇರೆ, ಗುಂಡಿ ಕಾದವನು ಬೇರೆ, ಗೋಡೆ ಕಟ್ಟಿದವನು ಬೇರೆ. ಯೇಸು ಹೇಳಿದ ದ್ರಾಕ್ಷಿತೋಟದ ಕೂಲಿಯವರ ಕಥೆ ಇಂಥ ಕೆಲಸಗಳ ನಡುವೆ ನೆನಪಾಗುವುದು ಸಹಜ. ಬೆಳಿಗ್ಗೆಯೇ ಬಂದು ದಿನವಿಡೀ ಬಿಸಿಲು ತಿಂದವರಿಗೂ ಸಂಜೆ ಒಂದು ಗಳಿಗೆ ದುಡಿದವರಿಗೂ ತೋಟದ ಯಜಮಾನ ಒಂದೇ ದಿನಗೂಲಿ ಕೊಡುತ್ತಾನೆ. ಮೊದಲು ಬಂದವರು ಗೊಣಗುತ್ತಾರೆ. ಅವರಿಗೆ ಒಪ್ಪಿದ ಕೂಲಿಯಲ್ಲಿ ಒಂದು ಕಾಸೂ ಕಡಿಮೆಯಾಗಿಲ್ಲ. ಆದರೂ ತಮಗೆ ಹೆಚ್ಚು ಬರಬೇಕಿತ್ತು ಎಂಬ ಲೆಕ್ಕ ಮನಸ್ಸಿನಲ್ಲಿ ಕೂತಿರುತ್ತದೆ. ಈ ಕಥೆಯನ್ನು ಮೊದಲ ಸಲ ಕೇಳಿದವರಿಗೆ ಗೊಣಗಿದವರ ಪಕ್ಷವೇ ಸರಿಯೆನಿಸುತ್ತದೆ. ನನಗೂ ಬಹುಕಾಲ ಹಾಗೇ ಅನಿಸಿತ್ತು. ಕ್ರೈಸ್ತ ವಿಶ್ವಾಸದ ಒಂದು ಗಟ್ಟಿ ಬೀಜ ಇರುವುದೇ ಇಲ್ಲಿ: ದೇವರ ಮುಂದೆ ನಿಂತಾಗ ‘ನನಗೆ ಇಷ್ಟು ಸಲ್ಲಬೇಕು’ ಎಂಬ ಚೀಟಿಯನ್ನು ಜೇಬಿನಿಂದ ತೆಗೆಯಬಾರದು.

ಗಾರೆಗೆ ಬರೀ ಸುಣ್ಣ ಸಾಲದು. ಒಂದು ಪಾಲು ಸುಣ್ಣಕ್ಕೆ ಎರಡು ಮೂರು ಪಾಲು ಮರಳು. ತೇವ ತಾಗುವ ಕಡೆ ಮರಳಿನ ಬದಲು ಅಥವಾ ಅದರ ಜೊತೆಗೆ ಸುರ್ಕಿ, ಅಂದರೆ ಬೆಂದ ಇಟ್ಟಿಗೆಯ ನುಣ್ಣನೆಯ ಪುಡಿ. ಈ ಸುರ್ಕಿಯಲ್ಲೇ ಗುಟ್ಟಿರುವುದು. ಬರೀ ಸುಣ್ಣ ಗಟ್ಟಿಯಾಗಲು ಗಾಳಿ ಬೇಕು. ಆದರೆ ಸುಟ್ಟ ಮಣ್ಣಿನಲ್ಲಿರುವ ಸಿಲಿಕಾ ಮತ್ತು ಅಲ್ಯುಮಿನಾ ಸುಣ್ಣದೊಂದಿಗೆ ಸೇರಿದಾಗ ನೀರಿನಲ್ಲೂ ಗಟ್ಟಿಯಾಗುವ ಬಂಧ ಹುಟ್ಟುತ್ತದೆ. ಹೇಮಾವತಿ ಮುಂದೆ ಹೋಗಿ ಕಾವೇರಿಯೊಡನೆ ಕೂಡುವುದು ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ. 1911ರಲ್ಲಿ ಶುರುವಾದ ಆ ಅಣೆಕಟ್ಟನ್ನು ಕಟ್ಟಿದ್ದು ಕಲ್ಲು ಮತ್ತು ಸುರ್ಕಿ ಗಾರೆಯಲ್ಲಿ. ದೇವಾಲಯವನ್ನು ನೆನೆಸಿದ ನೀರನ್ನೇ ಕೆಳಗೆ ತಡೆದು ನಿಲ್ಲಿಸಿರುವುದೂ ಅದೇ ಕಸುಬು.

ಅರೆಯುವುದಕ್ಕೆ ಗಾಣ. ನೆಲದಲ್ಲಿ ವೃತ್ತಾಕಾರದ ಕಾಲುವೆ, ಅದರಲ್ಲಿ ಉರುಳುವ ಕಲ್ಲಿನ ಚಕ್ರ, ಚಕ್ರದ ತೊಲೆಗೆ ಕಟ್ಟಿದ ಎತ್ತು. ಎತ್ತು ಸುತ್ತುತ್ತಿರುತ್ತದೆ, ಒಬ್ಬ ಹಿಂದಿನಿಂದ ಸಲಿಕೆಯಲ್ಲಿ ಅಂಚಿಗೆ ಸರಿದ ಗಾರೆಯನ್ನು ಮತ್ತೆ ಕಾಲುವೆಗೆ ತಳ್ಳುತ್ತಿರುತ್ತಾನೆ. ಸಾಕೇ ಎಂದು ಹುಡುಗ ಕೇಳಿದರೆ ಮೇಸ್ತ್ರಿ ಚಿಟಿಕೆಯಷ್ಟು ಗಾರೆಯನ್ನು ಬೆರಳ ನಡುವೆ ತಿಕ್ಕಿ ನೋಡಿ, ಇನ್ನೂ ಮರಳು ಮರಳಾಗಿ ಸಿಕ್ಕುತ್ತಲ್ಲಪ್ಪ, ಇನ್ನೊಂದಷ್ಟು ಸುತ್ತು ಹೊಡಿ ಎನ್ನುವುದೇ ರೂಢಿ. ಇದಕ್ಕೆ ಬೆಲ್ಲದ ನೀರು ಸೇರುತ್ತದೆ. ಅಳಲೆಕಾಯಿ ಕುಟ್ಟಿ ನೆನೆಸಿ ಕೊಳೆಸಿದ ನೀರು ಸೇರುತ್ತದೆ. ಕೊನೆಯ ನಯವಾದ ಪದರಕ್ಕೆ ಮೊಟ್ಟೆಯ ಬಿಳಿ ಹಾಕಿ, ನುಣುಪು ಕಲ್ಲಿನಿಂದ ಗಂಟೆಗಟ್ಟಲೆ ಉಜ್ಜಿದರೆ ಮುಖ ಕಾಣುವಷ್ಟು ಹೊಳಪು ಬರುತ್ತದೆ. ಶೆಟ್ಟಿಹಳ್ಳಿಯ ದೇವಾಲಯವೂ ಬೆಲ್ಲ ಮೊಟ್ಟೆಯ ಗಾರೆಯದೆಂದೇ ಸುತ್ತಲಿನ ಜನ ಹೇಳುತ್ತಾರೆ. ಬೆಲ್ಲವನ್ನು ಕೆಲವರು ಪವಾಡದ ಮದ್ದಿನ ಹಾಗೆ ವರ್ಣಿಸುವುದುಂಟು. ನಡೆಯುವುದು ಸರಳ: ಸಕ್ಕರೆಯಂಶ ಸುಣ್ಣವನ್ನು ನೀರಿನಲ್ಲಿ ಹೆಚ್ಚು ಕರಗಿಸುತ್ತದೆ, ಗಾರೆ ಬೇಗ ಬಿಗಿಯದಂತೆ ತಡೆಯುತ್ತದೆ. ನಿಧಾನವಾದಷ್ಟೂ ಕೆಲಸಗಾರನಿಗೆ ತಿದ್ದಲು ಬಿಡುವು, ಗಾರೆಗೆ ಇಟ್ಟಿಗೆಯ ರಂಧ್ರಗಳೊಳಗೆ ಇಳಿಯಲು ಬಿಡುವು.

ಕಟ್ಟುವಾಗಲೂ ತಾಳ್ಮೆಯೇ. ಇಟ್ಟಿಗೆಯನ್ನು ನೀರಿನಲ್ಲಿ ನೆನೆಹಾಕಿ ತೆಗೆಯಬೇಕು, ಇಲ್ಲದಿದ್ದರೆ ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಹೀರಿ ಅದನ್ನು ಹಿಟ್ಟು ಮಾಡಿಬಿಡುತ್ತದೆ. ದಿನಕ್ಕೆ ಕೆಲವೇ ವರಸೆ. ಕೆಳಗಿನದು ಮೈ ಹಿಡಿಯುವ ಮುನ್ನ ಮೇಲೆ ಭಾರ ಹೇರುವಂತಿಲ್ಲ. ಕೆಂಡದ ಬಿಸಿಲಿನಲ್ಲಿ ಗೋಣಿಚೀಲ ಹೊದಿಸಿ ನೀರು ಚಿಮುಕಿಸಬೇಕು, ಜಡಿಮಳೆಯಲ್ಲಿ ಕೆಲಸ ನಿಲ್ಲಿಸಬೇಕು. ಹೀಗೆ ಒಂದು ಗೋಡೆಗೆ ಋತುಗಳೇ ಕಳೆಯುತ್ತವೆ.

ಕಮಾನಿನ ಕೆಲಸವನ್ನು ಸ್ವಲ್ಪ ನಿಂತು ನೋಡಬೇಕು. ಮರದ ಅಚ್ಚನ್ನು ಕೆಳಗೆ ನಿಲ್ಲಿಸಿ, ಎರಡೂ ಕಡೆಯಿಂದ ಸಮನಾಗಿ ಇಟ್ಟಿಗೆ ಏರಿಸುತ್ತ ಬಂದು, ನೆತ್ತಿಯಲ್ಲಿ ಮುಚ್ಚುತ್ತಾರೆ. ಮುಚ್ಚಿದ ಮೇಲೂ ಕಮಾನು ಅಚ್ಚಿನ ಮೇಲೇ ಕೂತಿರುತ್ತದೆ. ಇನ್ನೂ ತನ್ನ ಕಾಲ ಮೇಲೆ ನಿಂತಿರುವುದಿಲ್ಲ. ದಿನಗಳು ಕಳೆದ ಮೇಲೆ ಅಚ್ಚಿನಡಿಯ ಬೆಣೆಗಳನ್ನು ಒಂದೊಂದೇ, ಒಂದಿಷ್ಟೇ ಸಡಿಲಿಸುತ್ತಾರೆ. ಒಮ್ಮೆಲೇ ಹೊಡೆದು ತೆಗೆಯುವಂತಿಲ್ಲ. ಬೆಣೆ ಸಡಿಲಿದಾಗ ಕಮಾನು ಕೊಂಚ ಕೂರುತ್ತದೆ. ಇನ್ನೂ ಹಸಿತನವಿರುವ ಸುಣ್ಣದ ಗಾರೆ ಆ ಕೂರುವಿಕೆಗೆ ಒಗ್ಗಿಕೊಂಡು, ಪ್ರತಿ ಇಟ್ಟಿಗೆಯೂ ಪಕ್ಕದ ಇಟ್ಟಿಗೆಯನ್ನು ತಬ್ಬುವಂತೆ ಮಾಡುತ್ತದೆ. ಆಮೇಲೆ ಅಚ್ಚನ್ನು ಹೊರತೆಗೆಯುತ್ತಾರೆ. ಶೆಟ್ಟಿಹಳ್ಳಿಯಲ್ಲಿ ಇಂದು ನಿಂತಿರುವ ಕಮಾನುಗಳು ಆ ದಿನದಿಂದ ಯಾವ ಆಸರೆಯೂ ಇಲ್ಲದೆ ನಿಂತವು. ಚಾವಣಿ ಹೋದ ಮೇಲೂ, ಜನ ಹೋದ ಮೇಲೂ ನಿಂತವು.

ಇನ್ನು ಗಾರೆಯೊಳಗೆ ನಡೆಯುವುದು ಕಣ್ಣಿಗೆ ಕಾಣದ್ದು. ಗೂಡಿನಲ್ಲಿ ಬಿಟ್ಟುಕೊಟ್ಟ ಇಂಗಾಲದ ಡೈಆಕ್ಸೈಡನ್ನು ಸುಣ್ಣ ಈಗ ಗಾಳಿಯಿಂದ ಚೂರು ಚೂರಾಗಿ ಮರಳಿ ಪಡೆಯುತ್ತದೆ. ಮೈಮೇಲಿನ ಪದರಕ್ಕೆ ವಾರಗಳು ಸಾಕು, ದಪ್ಪ ಗೋಡೆಯ ಒಡಲಿಗೆ ವರ್ಷಗಳು, ದಶಕಗಳು ಬೇಕು. ಕೊನೆಗೆ ಅದು ಏನಾಗಿ ಹೊರಟಿತ್ತೋ ಅದೇ ಆಗುತ್ತದೆ, ಸುಣ್ಣಕಲ್ಲು. ಸಣ್ಣ ಬಿರುಕು ಬಿಟ್ಟರೆ ಮಳೆನೀರಿನಲ್ಲಿ ಕರಗಿದ ಸುಣ್ಣ ಅಲ್ಲಿಗೇ ಹರಿದು ಹರಳುಗಟ್ಟಿ ಬಿರುಕನ್ನು ತಾನೇ ಮುಚ್ಚಿಕೊಳ್ಳುತ್ತದೆ. ಕಟ್ಟಿದವನು ತನ್ನ ಗೋಡೆ ಪೂರ್ತಿ ಗಟ್ಟಿಯಾದುದನ್ನು ನೋಡುವುದೇ ಇಲ್ಲ ಎನ್ನಬಹುದು. ಅವನು ಕರಣೆ ತೊಳೆದು ಹೊರಟ ಮೇಲೆ ಉಳಿದ ಕೆಲಸವನ್ನು ಗಾಳಿ ಮುಗಿಸುತ್ತದೆ.

ಈ ಕಸುಬಿನಲ್ಲಿ ಯಾರ ಹೆಸರೂ ಉಳಿಯುವುದಿಲ್ಲ. ಶೆಟ್ಟಿಹಳ್ಳಿಯಿಂದ ಬೇಲೂರಿಗೆ ಹೋದವರಿಗೆ ಇದು ಎದ್ದು ಕಾಣುತ್ತದೆ. 1117ರ ಚೆನ್ನಕೇಶವ ಗುಡಿಯ ಶಿಲ್ಪಗಳ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರ ಹೆಸರುಗಳಿವೆ, ಬಿರುದುಗಳ ಸಮೇತ. ಮುಂದಿನ ತಲೆಮಾರುಗಳಲ್ಲಿ ಮಲ್ಲಿತಮ್ಮನ ಹೆಸರು ಗುಡಿಯಿಂದ ಗುಡಿಗೆ ಸಿಗುತ್ತದೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದಂತೆ ಗಡಸು. ಹೀಗಾಗಿ ಉಗುರಿನಷ್ಟು ಸಣ್ಣ ಬಳೆಯನ್ನೂ ಕೊರೆಯಬಹುದು, ಸಹಿಯನ್ನೂ ಹಾಕಬಹುದು. ಕಲ್ಲಿಗೆ ಕಲ್ಲು ಕೂರುವಂತೆ ಒರೆದು ಗಾರೆಯಿಲ್ಲದೆ ಜೋಡಿಸಿದ ಆ ಕೆಲಸಕ್ಕೆ ಸಮನಾದುದು ಕಡಿಮೆ. ಅರಸೀಕೆರೆಯ 1220ರ ಈಶ್ವರ ಗುಡಿಯ ನಕ್ಷತ್ರಾಕಾರದ ತೆರೆದ ಮಂಟಪವನ್ನು ನೋಡಿದವರಂತೂ ಕಲ್ಲಿನಲ್ಲಿ ಹೀಗೂ ಗುಮ್ಮಟ ಕಟ್ಟಬಹುದೇ ಎಂದು ಬೆರಗಾಗುತ್ತಾರೆ. ಆ ಶಿಲ್ಪಿಗಳು ಹೆಸರು ಕೊರೆದದ್ದು ತಪ್ಪೆಂದು ನನಗೆ ಅನಿಸಿಲ್ಲ. ಒಳ್ಳೆಯ ಕೆಲಸಕ್ಕೆ ಹೆಸರು ಹಾಕುವುದು ಗೌರವವೇ. ಆದರೆ ಬೇಲೂರಿನಲ್ಲೂ ಹೆಸರಿಲ್ಲದ ಗಾರೆಯವರು ದುಡಿದಿದ್ದಾರೆ. 1397ರಲ್ಲಿ ವಿಜಯನಗರದ ದಂಡನಾಯಕ ಗುಂಡ ಮತ್ತೆ ಕಟ್ಟಿಸಿದ ಹೆಬ್ಬಾಗಿಲ ಗೋಪುರದ ಮೇಲುಭಾಗ ಇಟ್ಟಿಗೆ ಗಾರೆಯದು. ಶಾಸನದಲ್ಲಿರುವುದು ಕಟ್ಟಿಸಿದವನ ಹೆಸರು. ಗರ್ಭಗುಡಿಯ ಮೇಲೂ ಒಂದು ಕಾಲಕ್ಕೆ ಇಟ್ಟಿಗೆ, ಗಾರೆ, ಮರದ ಶಿಖರವಿತ್ತು. ಮತ್ತೆ ಮತ್ತೆ ದುರಸ್ತಿ ಕಂಡಿತು. 19ನೇ ಶತಮಾನದ ಕೊನೆಯ ಭಾಗದಲ್ಲಿ ಅದರ ಭಾರ ಕೆಳಗಿನ ಗುಡಿಗೆ ಕೇಡೆಂದು ಇಳಿಸಿಬಿಟ್ಟರು. ಇಂದು ಬೇಲೂರಿಗೆ ಹೋಗಿ ಶಿಖರವಿಲ್ಲವಲ್ಲ ಎಂದು ಕೊರಗುವವರು, ಕೆಳಗಿನ ಗುಡಿಯನ್ನು ಉಳಿಸಲೆಂದೇ ಆ ಶಿಖರವನ್ನು ಇಳಿಸಿದ್ದು ಎಂಬುದನ್ನೂ ಸೇರಿಸಿ ನೋಡಬೇಕು. ಹಳೇಬೀಡಿನ ಹೊಯ್ಸಳೇಶ್ವರಕ್ಕೂ ಶಿಖರವಿಲ್ಲ, ಕೆತ್ತದೆ ಬಿಟ್ಟ ಕಲ್ಲುಗಳು ಅಲ್ಲಿ ಈಗಲೂ ಹಾಗೇ ಇವೆ.

ಶೆಟ್ಟಿಹಳ್ಳಿಗೆ ಹೆಸರಿಲ್ಲದ ಕೊರತೆಯನ್ನು ಜನ ತಾವೇ ತುಂಬಿಕೊಂಡಿದ್ದಾರೆ. ಅಬ್ಬೆ ದ್ಯುಬುವಾ ಕಟ್ಟಿದ ದೇವಾಲಯ ಎಂದು ಹಲವರು ಹೇಳುತ್ತಾರೆ. ಕಾಲ ಕೂಡುವುದಿಲ್ಲ, ಅವರು ಭಾರತ ಬಿಟ್ಟದ್ದು 1823ರಲ್ಲೇ. ಆದರೆ ಆ ಹೆಸರು ಇಲ್ಲಿಗೆ ಅಂಟಿಕೊಂಡಿರುವುದಕ್ಕೆ ಕಾರಣವಿದೆ. 1792ರಲ್ಲಿ ಫ್ರಾನ್ಸಿನ ಕ್ರಾಂತಿಯ ದಿನಗಳಲ್ಲಿ ಊರು ಬಿಟ್ಟು ಬಂದ ಈ ಪಾದ್ರಿ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಕ್ರೈಸ್ತರ ನಡುವೆ ಕೆಲಸ ಶುರುಮಾಡಿದರು. ಇಲ್ಲಿಯ ಉಡುಗೆ ಉಟ್ಟರು, ಇಲ್ಲಿಯ ಊಟ ಉಂಡರು. ಜನರ ಬಾಯಲ್ಲಿ ದೊಡ್ಡಸ್ವಾಮಿಯವರಾದರು. ಸಿಡುಬಿನ ಹಾವಳಿಗೆ ಲಸಿಕೆ ಹಾಕಿಸಿದರು, ಹಾಸನದ ಕಡೆ ಬಡ ಕ್ರೈಸ್ತರಿಗೆ ಬೇಸಾಯದ ನೆಲೆಗಳನ್ನು ಏರ್ಪಡಿಸಿದರು. ಮೂವತ್ತು ವರ್ಷ ದುಡಿದು ಹಿಂದಿರುಗುವಾಗ ಅವರು ಪ್ರಕಟಿಸಿದ ಪತ್ರಗಳು ಇಂಗ್ಲೆಂಡಿನ ಮಿಷನರಿ ಸಂಘಗಳಿಗೆ ಕೋಪ ತರಿಸಿದವು. ಏಕೆಂದರೆ ಈ ನೆಲದಲ್ಲಿ ಮತಾಂತರದ ಪ್ರಯತ್ನಕ್ಕೆ ಫಲವಿಲ್ಲ, ತಮ್ಮದೂ ಫಲಿಸಲಿಲ್ಲ ಎಂದು ಅವರು ಮುಚ್ಚುಮರೆಯಿಲ್ಲದೆ ಬರೆದಿದ್ದರು. ಅವರ ಎಲ್ಲ ಅಭಿಪ್ರಾಯಗಳನ್ನೂ, ಮುಖ್ಯವಾಗಿ ನಮ್ಮ ಜನರ ಬಗ್ಗೆ ಅವರು ಬರೆದ ಎಷ್ಟೋ ಮಾತುಗಳನ್ನು, ನಾನು ಒಪ್ಪಲಾರೆ. ಆದರೆ ಮೂವತ್ತು ವರ್ಷದ ಬೆವರಿಗೆ ಸಲ್ಲಬೇಕಾದ ಫಸಲು ಬರಲಿಲ್ಲವೆಂದು ಬಾಯಿಬಿಟ್ಟು ಹೇಳಲು, ಹೇಳಿಯೂ ವಿಶ್ವಾಸ ಕಳೆದುಕೊಳ್ಳದಿರಲು ಎದೆಗಾರಿಕೆ ಬೇಕು. ಪ್ಯಾರಿಸ್ಸಿಗೆ ಮರಳಿ ತಮ್ಮ ಮಿಷನ್ ಸಂಘದಲ್ಲೇ ಕೆಲಸ ಮಾಡುತ್ತ 1848ರಲ್ಲಿ ತೀರಿಕೊಂಡರು.

ಬಿಟ್ಟುಕೊಡುವುದರ ಬಗ್ಗೆ ಕ್ರೈಸ್ತರು ಓದುವ ಗ್ರಂಥಭಾಗಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಪೌಲ ಫಿಲಿಪ್ಪಿಯವರಿಗೆ ಬರೆದ ಪತ್ರದ್ದು. ಕ್ರಿಸ್ತನು ದೇವರ ಸ್ಥಾನದಲ್ಲಿದ್ದೂ ಆ ಸ್ಥಾನವನ್ನು ಬಿಗಿಹಿಡಿದು ಕೂರಲಿಲ್ಲ, ತನ್ನನ್ನು ಬರಿದು ಮಾಡಿಕೊಂಡು ಆಳಿನ ರೂಪಕ್ಕೆ ಇಳಿದನೆಂಬ ಅರ್ಥದ ಮಾತು ಅಲ್ಲಿದೆ. ಹಕ್ಕಿದ್ದವನೇ ಹಕ್ಕನ್ನು ಕೆಳಗಿಟ್ಟ. ಇನ್ನೊಂದು ಪ್ರಸಂಗ ಮಾರ್ಕನ ಸುವಾರ್ತೆಯಲ್ಲಿದೆ: ಶಿಷ್ಯರು ಜೆರುಸಲೇಮಿನ ದೇವಾಲಯದ ಭಾರೀ ಕಲ್ಲುಗಳನ್ನು ತೋರಿಸಿ ಬೆರಗುಪಟ್ಟಾಗ, ಇವುಗಳಲ್ಲಿ ಕಲ್ಲಿನ ಮೇಲೆ ಕಲ್ಲು ನಿಲ್ಲದ ದಿನ ಬರುತ್ತದೆಂದು ಯೇಸು ಹೇಳುತ್ತಾನೆ. ಕ್ರಿ.ಶ. 70ರಲ್ಲಿ ರೋಮಿನ ಸೈನ್ಯ ಆ ದೇವಾಲಯವನ್ನು ಕೆಡವಿತು. ಕಟ್ಟಡವನ್ನು ಪ್ರೀತಿಸಬೇಡಿರೆಂದು ಯೇಸು ಹೇಳಿದನೆಂದು ನಾನು ಓದುವುದಿಲ್ಲ. ಆ ಊರನ್ನು ನೋಡಿ ಅವನು ಅತ್ತದ್ದೂ ಲೂಕನ ಸುವಾರ್ತೆಯಲ್ಲಿದೆ. ಪ್ರೀತಿಸಿ, ಆದರೆ ಅದು ನಿಮಗೆ ಎಂದೆಂದಿಗೂ ಸಲ್ಲತಕ್ಕದ್ದೆಂದು ತಿಳಿಯಬೇಡಿ, ಇಷ್ಟೇ.

ಕ್ಯಾಥೊಲಿಕರು ಇದನ್ನು ವರ್ಷಕ್ಕೊಮ್ಮೆ ಮೈಮೇಲೆ ಬರೆಸಿಕೊಳ್ಳುತ್ತಾರೆ. ತೆಂಗಿನ ಸೀಮೆಯಾದ ಅರಸೀಕೆರೆಯಂಥ ಕಡೆ ಗರಿಗಳ ಭಾನುವಾರಕ್ಕೆ ತೆಂಗಿನ ಎಳೆಗರಿಯೇ. ಜನ ಅದನ್ನು ಕೈಯಲ್ಲಿ ಹಿಡಿದು ಜಯಘೋಷ ಮಾಡುತ್ತ ಮೆರವಣಿಗೆ ಹೋಗುತ್ತಾರೆ, ಮನೆಗೆ ತಂದು ಶಿಲುಬೆಯ ಹಿಂದೆ ಸಿಕ್ಕಿಸುತ್ತಾರೆ. ಒಣಗಿದ ಆ ಗರಿಗಳನ್ನು ಸುಟ್ಟ ಬೂದಿಯೇ ಮುಂದಿನ ವರ್ಷ ತಪಸ್ಸುಕಾಲದ ಮೊದಲ ದಿನ, ವಿಭೂತಿ ಬುಧವಾರದಂದು, ಹಣೆಗೆ ಬರುತ್ತದೆ. ಮಣ್ಣಿಗೇ ಮರಳುವವರು ನೀವೆಂದು ಗುರುಗಳು ಒಬ್ಬೊಬ್ಬರಿಗೂ ನೆನಪಿಸುತ್ತಾರೆ. ಫೆಬ್ರವರಿ, ಮಾರ್ಚಿನಲ್ಲಿ ಬರುವ ಈ ದಿನ ಹೇಮಾವತಿಯ ಹಿನ್ನೀರೂ ಇಳಿಯುತ್ತಿರುತ್ತದೆ.

ಒಂದು ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ಬಿಟ್ಟುಕೊಡಿ ಎಂಬ ಬೋಧನೆಯನ್ನು ಕಳೆದುಕೊಂಡವರ ಕಡೆ ತಿರುಗಿಸುವುದು ಅನ್ಯಾಯ. 2922 ಅಡಿ ಮಟ್ಟಕ್ಕೆ ನೀರು ನಿಲ್ಲಿಸಿ 37 ಟಿಎಂಸಿ ಸಂಗ್ರಹಿಸುವ ಜಲಾಶಯಕ್ಕೆ ನೆಲ ಕೊಟ್ಟವರು ಹಲವು ಹಳ್ಳಿಗಳ ಜನ. ಎಲ್ಲ ಜಾತಿ ಮತದವರು. ಆ ನೀರು ಕಾಲುವೆ ಹಿಡಿದು ತುಮಕೂರಿನವರೆಗೆ ಹೋಗುತ್ತದೆ. ಶೆಟ್ಟಿಹಳ್ಳಿಯವರು ಗದ್ದೆ, ಮನೆ, ಪೂಜಿಸುತ್ತಿದ್ದ ದೇವಾಲಯ ಬಿಟ್ಟು ಎದ್ದುಹೋದದ್ದು ವೈರಾಗ್ಯದಿಂದಲ್ಲ. ಎತ್ತಂಗಡಿಯಾದವನು ಪರಿಹಾರ ಕೇಳುವುದು ದುರಾಸೆಯೂ ಅಲ್ಲ, ತನಗೆ ಸಲ್ಲದ್ದನ್ನು ಬಯಸುವುದೂ ಅಲ್ಲ, ಅದು ನ್ಯಾಯ. ಶರಾವತಿಯ ಮುಳುಗಡೆಯ ಜನರ ಬದುಕನ್ನು ಹತ್ತಿರದಿಂದ ಕಂಡ ಸಾಗರದ ನಾ. ಡಿಸೋಜ ಅವರು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಲ್ಲಿ ಇದನ್ನು ಎಷ್ಟು ಸಂಕಟದಿಂದ ಬರೆದರೆಂಬುದು ಓದಿದವರಿಗೆ ಗೊತ್ತು. ಅವರೂ ಕ್ರೈಸ್ತರೇ, ವಿಶ್ವಾಸದ ಹೆಸರಿನಲ್ಲಿ ಸಂಕಟಕ್ಕೆ ಮುಸುಕು ಹಾಕಲಿಲ್ಲ. ಬಿಟ್ಟುಕೊಡುವ ಪಾಠ ಸಲ್ಲುವುದು ಇದ್ದವರಿಗೆ, ಮೇಲೆ ಕೂತವರಿಗೆ, ‘ನಮಗಿದು ಬರಲೇಬೇಕು’ ಎನ್ನುವ ನಮ್ಮಂಥವರಿಗೆ. ಗೋಡೆಯಲ್ಲೂ ಹಾಗೆಯೇ, ಸವೆಯಬೇಕಾದ್ದು ಗಾರೆ, ಭಾರ ಹೊತ್ತ ಇಟ್ಟಿಗೆಯಲ್ಲ. ಸಿಮೆಂಟಿನ ದುರಸ್ತಿಯಲ್ಲಿ ಈ ಲೆಕ್ಕ ತಿರುವುಮುರುವಾಗುತ್ತದೆ.

ಊರು ಬಿಟ್ಟ ಜನರ ವಿಶ್ವಾಸ ನೀರಿನಡಿ ಉಳಿಯಲಿಲ್ಲ. ಅವರು ಹೋದಲ್ಲಿ ಮತ್ತೆ ಕಟ್ಟಿಕೊಂಡರು, ಬಲಿಪೂಜೆ ನಡೆಯುತ್ತಿದೆ. ಕ್ಯಾಥೊಲಿಕ್ ಸಭೆಯ ನಿಯಮದ ಪ್ರಕಾರ ಒಂದು ಪವಿತ್ರ ಸ್ಥಳ ಬಹುಪಾಲು ಹಾಳಾದರೆ ಅಥವಾ ಶಾಶ್ವತವಾಗಿ ಲೌಕಿಕ ಬಳಕೆಗೆ ಹೋದರೆ ಅದರ ಪ್ರತಿಷ್ಠೆ ತಾನಾಗಿ ತೊಲಗುತ್ತದೆ. ಕಟ್ಟಡ ಕಟ್ಟಡವಾಗಿ ಉಳಿಯುತ್ತದೆ, ಪವಿತ್ರತೆ ಜನರೊಡನೆ ಎದ್ದುಹೋಗುತ್ತದೆ. ಇಷ್ಟು ಸರಳವಾಗಿ ಕಟ್ಟಡದ ಕೈ ಬಿಡಬಲ್ಲ ವ್ಯವಸ್ಥೆಯನ್ನು ನಾನು ಮೆಚ್ಚುತ್ತೇನೆ.

ಹಾಗೆಂದು ಶೆಟ್ಟಿಹಳ್ಳಿಯ ಗೋಡೆಗಳು ಬಿದ್ದರೆ ಬೀಳಲಿ ಎನ್ನುವವನಲ್ಲ ನಾನು. ಅದನ್ನು ನೋಡಲು ದೂರ ದೂರದಿಂದ ಜನ ಬರುತ್ತಾರೆ, ಗೋಡೆಯ ಮೇಲೆ ಹತ್ತುತ್ತಾರೆ, ಹೆಸರು ಗೀಚುತ್ತಾರೆ, ಇದು ನಿಲ್ಲಬೇಕು. ನೀರಿನ ಅಲೆ ಬುಡದ ಸಂದುಗಳನ್ನು ಮೊದಲು ತಿನ್ನುತ್ತದೆ, ಅಲ್ಲಿ ಇಟ್ಟಿಗೆಯ ಅಂಚು ಹೊರಕ್ಕೆ ಚಾಚಿ ಗಾರೆ ಒಳಕ್ಕೆ ಸರಿಯುತ್ತದೆ. ಬೆರಳಿಟ್ಟರೆ ಒಳಗೆ ಹೋಗುವಷ್ಟಾದರೆ ತುಂಬುವ ಹೊತ್ತು ಬಂತೆಂದೇ ಲೆಕ್ಕ. ಸರ್ಕಾರವೋ, ಜಿಲ್ಲೆಯ ಕ್ರೈಸ್ತ ಸಮುದಾಯವೋ, ಇನ್ನಾರೋ ಮನಸ್ಸು ಮಾಡಿದರೆ ಸಿಮೆಂಟಿನ ಚೀಲ ತರದೆ, ಹಳೆಯ ಗಾರೆಯ ತುಣುಕೊಂದನ್ನು ತೆಗೆದು ಅದರಲ್ಲಿ ಸುಣ್ಣವೆಷ್ಟು, ಸುರ್ಕಿಯೆಷ್ಟು, ಮರಳೆಷ್ಟು ಎಂದು ಪರೀಕ್ಷಿಸಿ, ಅದಕ್ಕೆ ಹೊಂದುವ, ಅದಕ್ಕಿಂತ ಒಂದಿಷ್ಟೂ ಗಟ್ಟಿಯಲ್ಲದ ಗಾರೆಯನ್ನು ಕಲೆಸಬೇಕು. ನೀರು ಇಳಿದು ಬುಡ ಕಾಣುವುದು ವರ್ಷದಲ್ಲಿ ಕೆಲವೇ ತಿಂಗಳು. ಆ ತಿಂಗಳುಗಳಲ್ಲಿ ಸುಣ್ಣ ಹುಡುಕುತ್ತ ಕೂತರೆ ಮುಂಗಾರು ಬಂದುಬಿಡುತ್ತದೆ. ಸುಣ್ಣವನ್ನು ಹಿಂದಿನ ಮಳೆಗಾಲಕ್ಕೆ ಮುಂಚೆಯೇ ಗೂಡಿನಿಂದ ತಂದು ಅರಳಿಸಿ ಗುಂಡಿಯಲ್ಲಿ ಮುಚ್ಚಿಡಬೇಕು. ಸಕಲೇಶಪುರ, ಬೇಲೂರು, ಹಾಸನದ ಹಳೆಯ ತೊಟ್ಟಿಮನೆಗಳಲ್ಲಿ ಗಾರೆಯ ನೆಲ ಉಜ್ಜಿದ ಕೈಗಳು ಎಲ್ಲಾದರೂ ಉಳಿದಿದ್ದರೆ ಅವರನ್ನೂ ಆಗಲೇ ಕರೆಸಬೇಕು, ಅವರ ಜೊತೆಗೆ ಕಲಿಯುವ ಹುಡುಗರಿಬ್ಬರನ್ನಾದರೂ ನಿಲ್ಲಿಸಬೇಕು.